ಹಣ್ಣೋ, ಕಾಯೋ?

ನೆಲದಡಿಯ ಊರಿಗೆ ಇದ್ದದ್ದು ಒಂದೇ ಬೆಳಕಿಂಡಿ. ವಾರಿಜಾ ತನ್ನ ಚೊಚ್ಚಲ ಕೂಸನ್ನು ಮೊದಲ ಸಲ ಅದರ ಕೆಳಗೆ ತಂದು ಮಡಿಲಲ್ಲಿ ಮಲಗಿಸಿಕೊಂಡಳು. ಆ ಊರಲ್ಲಿ ಎಲ್ಲರ ಕಣ್ಣೂ ಕತ್ತಲಲ್ಲಿ ನೇರಳೆ ಬಣ್ಣ. ಬಿಸಿಲು ತಾಕಿದರೆ ಸಾಕು, ಕಣ್ಣೊಳಗಿನ ಪ್ರೋಟೀನುಗಳು ಗಡಿಬಿಡಿಯಿಂದ ಮನೆ ಬದಲಿಸಿ, ಕಣ್ಣು ಮಾವಿನಹಣ್ಣಿನ ಹಾಗೆ ಹಳದಿಗೆ ತಿರುಗುತ್ತಿತ್ತು. ತಿರುಗದ ಮಗುವಿಗೆ ಬೆಳಕಲ್ಲಿ ಯಾವತ್ತೂ ಕಣ್ಣು ಕಾಣದು.

ಅತ್ತೆ, ನಾದಿನಿಯರು, ಓಣಿಯವರೆಲ್ಲ ಉಸಿರು ಬಿಗಿಹಿಡಿದು ಬಗ್ಗಿದರು. ಎಷ್ಟು ಹೊತ್ತಾದರೂ ನೇರಳೆ ನೇರಳೆಯೇ. ಕೆಲಸದ ಪಾಳಿಯಲ್ಲಿದ್ದ ಗಂಡ ಫೋನಿನಲ್ಲಿ ಒಂದೇ ಸಮನೆ ಕೇಳುತ್ತಿದ್ದ: "ಹಣ್ಣೋ, ಕಾಯೋ? ಹೇಳೇ!"

ವಾರಿಜಾ ಕೂಸಿನ ಮುಖವನ್ನೇ ದಿಟ್ಟಿಸಿದಳು. ಆಗ ಅವಳಿಗೆ ಕಂಡಿತು, ಕೂಸಿನ ಮುಖದ ತುಂಬ ನೆರಳು.

"ಅಯ್ಯೋ ಅತ್ತೆ, ನಿಮ್ಮ ತಲೆಗಳೇ ಬಿಸಿಲಿಗೆ ಅಡ್ಡ! ಪಕ್ಕಕ್ಕೆ ಸರಿಯಿರಿ ಎಲ್ಲರೂ!"

ಎಲ್ಲರೂ ದಡಬಡನೆ ಸರಿದರು. ಬಿಸಿಲು ಬಿತ್ತು. ಕಣ್ಣಿನ ಅಂಚಿನಿಂದ ಹಳದಿ ಏರಿತು, ಏರುತ್ತಲೇ ಹೋಯಿತು. ಕೂಸಿನ ನೋಟ ಬೆಳಕಲ್ಲಿ ಗಳಿಗೆ ಹೊತ್ತು ಅಲೆದಾಡಿ, ಅವಳ ಮುಖಕ್ಕೆ ಬಂದು ನಿಂತಿತು.

"ಹಣ್ಣು ರೀ, ಹಣ್ಣು!" ವಾರಿಜಾ ಕಿರುಚಿದಳು. "ಇನ್ನು ಸುಮ್ಮನಿರಿ, ನನ್ನನ್ನೇ ನೋಡ್ತಾ ಇದೆ!"