ಕೆಂಪು ಹಂಡೆಯ ವಾರ

ಹೆಂಡತಿಯ ಚೀಲದ ತಳದಲ್ಲಿ ನಾಲ್ಕಾಗಿ ಮಡಚಿದ ಒಂದು ಚೀಟಿ ಸಿಕ್ಕಿತು. ಬಣ್ಣದ ಅಂಗಡಿಯದಿರಬೇಕೆಂದು ಬಿಡಿಸಿದ. ಮೇಲೆ ಪೇಟೆಯ ವಕೀಲರೊಬ್ಬರ ಮುದ್ರೆ. ಕೆಳಗೆ ದುಂಡನೆಯ ಕೈಬರಹ.

'ವಿಚ್ಛೇದನದ ಅರ್ಜಿಗೆ: ಮದುವೆಯ ಫೋಟೊ. ಗಾಯಗಳ ವಿವರ. ಬೇರೆ ವಾಸದ ವಿಳಾಸ. ಇಬ್ಬರು ಸಾಕ್ಷಿ, ಮನೆಯವರೇ ಆದರೆ ಉತ್ತಮ.'

ಇವನು ನೂಲಿಗೆ ಬಣ್ಣ ಹಾಕುವವನು. ಬೆರಳಿನ ಕೆಂಪು ಹತ್ತದಂತೆ ಚೀಟಿಯ ಅಂಚು ಹಿಡಿದು ಮತ್ತೊಮ್ಮೆ ಓದಿದ.

ಗಾಯ? ಯಾವ ಗಾಯ? ಆರು ವರ್ಷದ ಸಂಸಾರದಲ್ಲಿ ಅವಳ ಮೇಲೆ ಕೈ ಎತ್ತಿದವನಲ್ಲ. ಹೋದ ತಿಂಗಳು ಒಂದೇ ಒಂದು ಸಲ ಊಟದ ತಟ್ಟೆ ಎಸೆದಿದ್ದ. ಅದೂ ಗೋಡೆಗೆ. ಆ ಮನೆಯಲ್ಲಿ ತಟ್ಟೆ ಹಾರುವುದು ಹೊಸದೇನಲ್ಲ. ಅಪ್ಪನ ದೆಸೆಯಿಂದ ನೆಗ್ಗದ ತಟ್ಟೆ ಅಡುಗೆಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಅಂದು ಹೆಂಡತಿ ಅಳಲಿಲ್ಲ, ಬೈಯಲೂ ಇಲ್ಲ. ತಟ್ಟೆ ಎತ್ತಿಕೊಂಡು ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದಳು. ಅಷ್ಟೇ.

ಗೋಡೆಯತ್ತ ಕಣ್ಣು ಹಾಯಿಸಿದ. ತಮ್ಮ ಮದುವೆಯ ಫೋಟೊ ಇದ್ದಲ್ಲೇ ಇತ್ತು. ಪಕ್ಕದ ಮೊಳೆಯಲ್ಲಿ ಅಪ್ಪನ ಟೋಪಿ. ಸದ್ಯ, ಇನ್ನೂ ಕೈಮೀರಿಲ್ಲ ಅಂದುಕೊಂಡ.

ಎರಡು ಮಂಗಳವಾರದಿಂದ ಅವಳು ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸುತ್ತೇನೆಂದು ಪೇಟೆಗೆ ಕರೆದೊಯ್ಯುತ್ತಿದ್ದಳು. ಈಗ ಗುಟ್ಟು ತಿಳಿಯಿತು. ಅಮ್ಮನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ತಾನು ವಕೀಲರ ಮೆಟ್ಟಿಲು ಹತ್ತುತ್ತಾಳೆ.

ಚೀಟಿಯನ್ನು ಇದ್ದಂತೆಯೇ ಮಡಚಿಟ್ಟು ಅಂಗಳಕ್ಕೆ ಬಂದ. ಕೆಂಪು ಹಂಡೆ ಕುದಿಯುತ್ತಿತ್ತು. ವಾರವೆಲ್ಲ ಕೆಂಪೇ. ಅಮ್ಮ ಹಣೆಯ ಮೇಲೆ ಬಿದ್ದ ಕೂದಲನ್ನೂ ಸರಿಸದೆ ಕೋಲಿನಿಂದ ನೂಲಿನ ಲಡಿ ತಿರುವುತ್ತಿದ್ದಳು. ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪು. ಎಡಗೈ ಹೆಬ್ಬೆರಳು ಮಾತ್ರ ನೀಲಿ.

"ನೀಲಿ ಡಬ್ಬಿ ಯಾಕಮ್ಮ ಮುಟ್ಟಿದೆ?"

ಅಮ್ಮ ಎಡಗಿವಿಯನ್ನು ಇವನತ್ತ ತಿರುಗಿಸಿದಳು. ಇನ್ನೊಂದು ಸಲ ಹೇಳಬೇಕಾಯಿತು. "ನೀಲಿ! ಒಂದು ಹನಿ ಬಿದ್ರೆ ಹಂಡೆ ಪೂರ್ತಿ ಹಾಳು."

"ಬೀಳಲ್ಲ ಬಿಡಪ್ಪ," ಎಂದು ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. "ನೋಡ್ಕೊಂಡೇ ಮುಟ್ಟಿದ್ದೀನಿ."

ಮಂಚದ ಮೇಲಿಂದ ಅಪ್ಪ ನಕ್ಕ. "ನೋಡ್ಕೊಂಡಳಂತೆ! ಅವಳಿಗೆ ಕಣ್ಣೆಲ್ಲಿದೆ? ಎರಡು ಸಲ ಡಾಕ್ಟರ ಹತ್ರ ಹೋಗಿ ಬಂದಾಯ್ತು, ಮೂಗಿನ ಮೇಲೆ ಇನ್ನೂ ಅದೇ ಕನ್ನಡಕ."

"ಈಗ ಚೆನ್ನಾಗಿ ಕಾಣ್ತಿದೆ," ಅಂದಳು ಅಮ್ಮ, ಹಂಡೆಯಿಂದ ತಲೆಯೆತ್ತದೆ.

ಮರುದಿನ ಬಡಗಿ ದಾರಿಗೆ ಅಡ್ಡ ಬಂದ.

"ಏನೋ, ಮಂಚ ಯಾರಿಗೆ? ನಿನ್ನ ಹೆಂಡತಿ ಶಾಲೆ ಹಿಂದಿನ ಕೋಣೆಗೆ ಕಳಿಸು ಅಂದ್ರು. ಒಬ್ಬರು ಮಲಗೋಷ್ಟು ಸಾಕಂತೆ, ಎತ್ತರ ಕಮ್ಮಿ ಇರಬೇಕಂತೆ. ಹಾಗಾದ್ರೆ ನಿನಗೆ ನೆಲವೇ ಗತಿ!"

ಬಡಗಿ ಹಲ್ಲು ಕಿರಿದ. ಇವನು ನಗಲಿಲ್ಲ. ಬೇರೆ ವಾಸದ ವಿಳಾಸ. ಅದೂ ಆಯಿತು.

ಕೇಳಲು ಬಾಯಿ ಬರಲಿಲ್ಲ. ಕೇಳಿಬಿಟ್ಟರೆ ಹೌದು ಅಂದಾಳು. ಅವಳು ಬಡಿಸಿದ್ದನ್ನು ತಿಂದ, ಖಾಲಿ ತಟ್ಟೆಯನ್ನು ಸದ್ದಾಗದಂತೆ ಇಟ್ಟ.

ಮಂಗಳವಾರ ಅತ್ತೆ ಸೊಸೆ ಹೊರಟ ಮೇಲೆ ಮುಂದಿನ ಬಸ್ಸು ಹತ್ತಿದ. ಸುಳ್ಳು ಗಾಯ ಬರೆಯುವ ವಕೀಲರ ಮುಖದ ನೀರಿಳಿಸಬೇಕೆಂದೇ ಹೊರಟವನು. ದಾರಿಯುದ್ದಕ್ಕೂ ಆ ಸಿಟ್ಟು ಇಷ್ಟಿಷ್ಟೇ ಸೋರಿಹೋಯಿತು. ಒದ್ದೆ ಲಡಿ ಹಿಂಡಲು ಎರಡು ಜೊತೆ ಕೈ ಬೇಕು. ಇವನು ಬಲಕ್ಕೆ ತಿರುವಿದರೆ ಅವಳು ಎಡಕ್ಕೆ. ಆರು ವರ್ಷದಲ್ಲಿ ಒಂದು ದಿನವೂ ಅವಳ ಹಿಡಿತ ಜಾರಿದ್ದಿಲ್ಲ. ಆಚೆ ತುದಿಯಲ್ಲಿ ಅವಳಿಲ್ಲದ ಅಂಗಳ ಕಣ್ಣಿಗೆ ಕಟ್ಟಿತು.

ವಕೀಲರ ಕಚೇರಿ ಮಹಡಿಯ ಮೇಲೆ. ಮುಚ್ಚಿದ ಬಾಗಿಲು, ಹೊರಗೊಂದು ಬೆಂಚು. ಬೆಂಚಿನ ಮೇಲೆ ಹೆಂಡತಿ, ಒಬ್ಬಳೇ. ಇವನನ್ನು ಕಂಡು ಎದ್ದು ನಿಂತಳು.

"ನೀವಾ? ಯಾರು ಹೇಳಿದ್ರು?"

"ತಟ್ಟೆ ಇನ್ನು ಯಾವತ್ತೂ ಎಸೆಯಲ್ಲ ಕಣೇ. ನಿನ್ನಾಣೆ. ಇದನ್ನ ಇಲ್ಲಿಗೇ ನಿಲ್ಲಿಸಿಬಿಡು."

ಅವಳು ಇವನನ್ನೇ ದಿಟ್ಟಿಸಿದಳು. "ಆ ಮಾತು ಉಳಿಸಿಕೊಳ್ಳಿ. ಆದ್ರೆ ಇದನ್ನ ನಿಲ್ಲಿಸೋದು ನನ್ನ ಕೈಲಿಲ್ಲ."

ಒಳಗೆ ವಕೀಲಮ್ಮ ಅರ್ಜಿಯನ್ನು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಓದುತ್ತಿದ್ದರು. ಕೆಪ್ಪರಿಗೂ ಕೇಳುವಷ್ಟು ಗಟ್ಟಿಯಾಗಿ.

"...ಕುದಿಯುವ ಹಂಡೆಗೆ ತಳ್ಳಿ ಮೊಣಕೈ ಸುಟ್ಟಿದ್ದು. ಹೊಡೆತಕ್ಕೆ ಬಲಗಿವಿ ಹೋಗಿದ್ದು. ತಟ್ಟೆಯ ಅಂಚು ತಾಗಿ ಹಣೆಗೆ ಮೂರು ಹೊಲಿಗೆ..."

ಹಣೆಗೆ ಹೊಲಿಗೆ! ಇವನು ಹೆಂಡತಿಯ ಹಣೆ ನೋಡಿದ. ಒಂದು ಗೀರೂ ಇಲ್ಲ. ತಡೆಯಲಾಗಲಿಲ್ಲ. ಬಾಗಿಲು ದೂಡಿಕೊಂಡು ನುಗ್ಗಿದ.

"ಎಲ್ಲಿದೆ ಹೊಲಿಗೆ? ತೋರಿಸ್ರೀ ನೋಡೋಣ!"

ಮೇಜಿನ ಮೇಲೆ ಮಾಸಿದ ಮದುವೆಯ ಫೋಟೊ. ಪಕ್ಕದಲ್ಲಿ, ಹೆಬ್ಬೆಟ್ಟು ಒತ್ತುವ ನೀಲಿ ಶಾಯಿಯ ಡಬ್ಬಿ.

"ಎರಡನೇ ಸಾಕ್ಷಿನೂ ಬಂದ ನೋಡಿ ವಕೀಲಮ್ಮ," ಎಂದು ಅಮ್ಮ ನೀಲಿ ಹೆಬ್ಬೆರಳಿನಿಂದ ತನ್ನ ಹಣೆಯ ಕೂದಲನ್ನು ಪಕ್ಕಕ್ಕೆ ಸರಿಸಿದಳು.