ಐದನೇ ಲಿಫ್ಟಿಗೆ ನಾಲ್ಕನೇ ಕೈಪಿಡಿ

"ಕೈಪಿಡಿ ಪುಟಗಳ ಲಿಂಕುಗಳನ್ನೆಲ್ಲ ಆ ಸಾಫ್ಟ್‌ವೇರೇ ಹಾಕುತ್ತೆ. ಮತ್ತೆ ನೀವು ಯಾಕಮ್ಮಾ ಬೇಕು?" ಎಂದು ಸಾಹೇಬರು ಕೇಳುವುದಕ್ಕೂ, ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ ಲಿಫ್ಟ್ ಕೈಕೊಡುವುದಕ್ಕೂ ಸರಿಹೋಯಿತು.

ಲಿಫ್ಟ್ ಅವರ ಕಂಪನಿಯದೇ, ಹೊಚ್ಚ ಹೊಸ ಐದನೇ ಮಾದರಿ. ಅದನ್ನು ಕೊಳ್ಳಲು ಬಂದವರು ಮೇಲೆ ಕಾಯುತ್ತಿದ್ದರು. ಸಾಹೇಬರ ಜೊತೆ ಸಿಕ್ಕಿಹಾಕಿಕೊಂಡವಳು ಲಿಫ್ಟುಗಳ ಕೈಪಿಡಿ ತಯಾರಿಸುತ್ತಿದ್ದವಳು. ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಕೈಪಿಡಿಯಕ್ಕ. ಬೆಳಿಗ್ಗೆಯೇ ಅವಳ ಕೆಲಸ ಹೋಗಿತ್ತು. ಲ್ಯಾಪ್‌ಟಾಪ್ ಒಪ್ಪಿಸಿ ಬರಲು ಹೊರಟಿದ್ದಳು.

ಹೊರಗೆ ಮೆಕ್ಯಾನಿಕ್ ಬಂದ. ಫೋನಿನಲ್ಲಿ ಕೈಪಿಡಿಯ ಪುಟ ತೆರೆಯದೆ ಅವನು ಸ್ಕ್ರೂಡ್ರೈವರ್ ಮುಟ್ಟುವವನಲ್ಲ. ಪುಟದಲ್ಲಿ ಬರೆದಿಲ್ಲವೆಂದು ಒಮ್ಮೆ ಸೀನನ್ನೇ ನುಂಗಿಕೊಂಡವನು.

"ಸಾರ್, 'ಕೈಯಿಂದ ಬಾಗಿಲು ತೆರೆಯುವುದು' ಅನ್ನೋ ಲಿಂಕ್ ಒತ್ತಿದೆ. ಹಳದಿ ಹಿಡಿಕೆ ಎಳೆಯಿರಿ ಅಂತಿದೆ. ಇಲ್ಲಿ ಹಳದಿದು ಏನೂ ಇಲ್ಲ!"

"ಅದು ನಾಲ್ಕನೇ ಮಾದರಿದು ಕಣಪ್ಪಾ," ಎಂದಳು ಕೈಪಿಡಿಯಕ್ಕ. "ಐದರಲ್ಲಿ ಕೀಲಿ ತೂತು. ಬಲಗಡೆ ನೋಡು."

"ಕಾಣ್ತಿದೆ ಅಕ್ಕಾ. ಕೀಲಿನೂ ಜೇಬಲ್ಲಿದೆ. ಆದ್ರೆ ನೀವು ಹೇಳಿದ್ರೆ ಆಗಲ್ಲ, ಪುಟ ಹೇಳ್ಬೇಕು. ರೂಲ್ಸು."

"ಯಾವ ಕತ್ತೆ ಮಾಡಿದ ರೂಲ್ಸಯ್ಯಾ ಅದು?" ಸಾಹೇಬರು ಗುಡುಗಿದರು.

ಮೆಕ್ಯಾನಿಕ್ ಪುಟದ ಕೊನೆಯವರೆಗೂ ಸರಿಸಿ ನೋಡಿದ. "ಕೆಳಗೆ ನಿಮ್ಮ ಸಹಿ ಇದೆ ಸಾರ್."

"ಹಾಗಾದ್ರೆ ನಾನೇ ಹೇಳ್ತಿದೀನಿ, ತೆಗಿ!"

"ಅದನ್ನೂ ಬರೆದಿದೀರಿ ಸಾರ್. ಒಳಗೆ ಸಿಕ್ಕಿಕೊಂಡವರ ಅಪ್ಪಣೆ ಕೇಳಬಾರದು, ಅವರು ಗಾಬರಿಯಲ್ಲಿರ್ತಾರೆ ಅಂತ."

ಸಾಹೇಬರು ಕೈಪಿಡಿಯಕ್ಕನ ಕಡೆ ತಿರುಗಿದರು. "ಏನಾಗಿದೆ ಆ ದರಿದ್ರ ಸಾಫ್ಟ್‌ವೇರಿಗೆ?"

"ಅದಕ್ಕೇನೂ ಆಗಿಲ್ಲ ಸಾರ್. ಪುಟಗಳನ್ನ ಅದೇ ಹೆಣೆಯುತ್ತೆ. ಲಿಂಕು ಯಾವ ಮಾದರಿದು ಅಂತ ಮಾತ್ರ ನಾವು ಹೇಳ್ಬೇಕು. ಹೇಳದಿದ್ರೆ ಹಳೇದನ್ನೇ ಅಂಟಿಸ್ಕೊಂಡು ಕೂರುತ್ತೆ. ಪ್ರತಿ ಸಲ ನಾನು ಬದಲಾಯಿಸ್ತಿದ್ದೆ. ಈ ಸಲ ಅಷ್ಟರಲ್ಲಿ ನನ್ನ ಲಾಗಿನ್ನೇ ಕಿತ್ತುಹಾಕಿದ್ರಿ."

ಸಾಹೇಬರು ಆಫೀಸಿಗೆ ಫೋನ್ ಮಾಡಿದರು. "ರೀ, ಈ ಕೈಪಿಡಿಯಮ್ಮನ್ನ ಮತ್ತೆ ಕೆಲಸಕ್ಕೆ ತಗೊಳ್ಳಿ. ಈಗಲೇ. ಲಾಗಿನ್ ಕೊಡಿ... ಅಯ್ಯೋ, ಪರ್ಮನೆಂಟಾಗಿ ಅಲ್ಲ ಮಾರಾಯ್ರೇ! ಈ ಬಾಗಿಲು ತೆಗೆಯೋ ತನಕ, ಅಷ್ಟೇ."

ಅವಳು ಅದನ್ನು ಕೇಳಿಸಿಕೊಂಡಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲ್ಯಾಪ್‌ಟಾಪ್ ತೆರೆದು, ನಾಲ್ಕು ಇದ್ದಲ್ಲಿ ಐದು ಮಾಡಿದಳು. ಲಿಂಕುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಬ್ರೇಕಿನ ಲಿಂಕ್ ಇನ್ನೂ ನಾಲ್ಕನೇ ಮಾದರಿಯ ಮನೆಗೇ ಓಡುತ್ತಿತ್ತು. ಅದರ ಕಿವಿ ಹಿಂಡಿ ಎಳೆದು ತಂದಳು. ಆಮೇಲೆ ಇಡೀ ಕೈಪಿಡಿಯನ್ನು ಹೊಸದಾಗಿ ಹೆಣೆಯಲು ಬಿಟ್ಟಳು. ಸಾಹೇಬರು ಬಾಗಿಲಿಗೆ ಮೂಗು ತಾಗಿಸಿಕೊಂಡು ನಿಂತು ಟೈ ಸರಿಮಾಡಿಕೊಂಡರು.

"ಬಂತು ಅಕ್ಕಾ, ಬಂತು!" ಮೆಕ್ಯಾನಿಕ್‌ಗೆ ಹಬ್ಬವೋ ಹಬ್ಬ. "ಕೀಲಿ ತೂತು, ಬಲಗಡೆ. ಆಹಾ, ಎಷ್ಟು ಚೆನ್ನಾಗಿ ಬರೆದಿದೀರಿ! ಕೀಲಿ ಹಾಕಿದೆ. ಇನ್ನೊಂದೇ ಸಾಲು. 'ಒಳಗಿರುವವರೆಲ್ಲರೂ ಬಾಗಿಲಿನಿಂದ ದೂರ ಸರಿದ ಮೇಲೆಯೇ ಕೀಲಿ ತಿರುಗಿಸಿ.' ಸಾರ್, ಸರಿದ್ರಾ?"

"ಸರಿದೆ, ಸರಿದೆ!" ಸಾಹೇಬರು ಹಿಂದಿನ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡರು.

"ಅಕ್ಕಾ, ನೀವು?"

ಕೈಪಿಡಿಯಕ್ಕ ಲ್ಯಾಪ್‌ಟಾಪ್ ಮುಚ್ಚಿದಳು. ಕೂತಲ್ಲಿಂದಲೇ ಮೆಲ್ಲಗೆ ಜರುಗಿ, ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ನೀಡಿದಳು.

"ಇಲ್ಲ ಕಣಪ್ಪಾ. ಡ್ಯೂಟಿಲಿದೀನಿ."