ಹಗಲು ಮಲಗುವವರು

"ಕಣ್ಣು ಮುಚ್ಚಿದೆ ಎಂದ ಮಾತ್ರಕ್ಕೆ ಇಲಿ ನಿದ್ದೆ ಮಾಡುತ್ತಿದೆ ಎನ್ನಲಾಗದು!" ಹಜಾರದಿಂದ ಹೊರಟ ಪ್ರೊಫೆಸರ್ ಸಾಹೇಬರ ದನಿ ಮಲಗುವ ಕೋಣೆಯೊಳಗೆ ನುಗ್ಗಿ ಹೆಂಡತಿಯ ಕಿವಿಗೆ ಬಡಿಯಿತು. ನಾಳಿನ ಭಾಷಣದ ತಾಲೀಮು. "ಹೊರಗಿನ ಸದ್ದಿಗೆ ಅದು ಏಳದೇ ಇರಬಹುದು. ಆದರೆ ಗಾಢ ನಿದ್ದೆ ತೆಳುವಾಗುತ್ತದೆ, ಕನಸಿನ ನಿದ್ದೆ ತುಂಡಾಗುತ್ತದೆ. ಇದು ಮೂಕಪ್ರಾಣಿಗೆ ಮಾಡುವ ದ್ರೋಹ!" ದ್ರೋಹ ಎನ್ನುವಾಗ ಮೇಜನ್ನೂ ಗುದ್ದಿದರು.

ಅವಳು ಎದ್ದು ಬಂದಳು. ರಾತ್ರಿಯೆಲ್ಲ ಫೋನಿನ ಮುಂದೆ ಕೂತು, ಯಾರ್ಯಾರದೋ ಗಾಬರಿಯ ಮಾತು ಕೇಳಿ ಆಂಬುಲೆನ್ಸ್ ಕಳಿಸುವ ಕೆಲಸ ಅವಳದು. ಹಿಂದಿನ ರಾತ್ರಿ ತೂಕಡಿಕೆಯಲ್ಲಿ ಗಾಡಿಯನ್ನು ಬೇರೆ ಬೀದಿಗೆ ಕಳಿಸಿಬಿಟ್ಟಿದ್ದಳು. ಗಾಡಿಗಾಗಿ ಕಾದಿದ್ದ ರೋಗಿ ಮುದುಕಿ ಬದುಕಿದ್ದೇ ಪುಣ್ಯ. ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಇರಿ ಎಂದು ಮೇಲಧಿಕಾರಿ ಹೇಳಿದ್ದರು.

"ರೀ, ಸ್ವಲ್ಪ ಮೆಲ್ಲಗೆ ಓದ್ಕೊಳ್ಳಿ. ಇವತ್ತೂ ನಿದ್ದೆ ಕೆಟ್ರೆ ರಾತ್ರಿ ಯಾರದಾದ್ರೂ ಪ್ರಾಣ ಹೋಗುತ್ತೆ."

"ಇಷ್ಟೊತ್ತು ಮಲಗೇ ಇದ್ದೆಯಲ್ಲೇ! ನಾನೇ ಇಣುಕಿ ನೋಡ್ದೆ, ಕಣ್ಣು ಮುಚ್ಕೊಂಡಿದ್ದೆ."

"ಕಣ್ಣು ಮುಚ್ಚಿದ್ರೆ ನಿದ್ದೆ ಅಲ್ಲ ಅಂತ ಈಗ ತಾನೇ ಕೂಗಿದ್ರಲ್ಲ?"

"ಅದು ಇಲಿ ವಿಷಯ ಕಣೇ," ಎಂದರು ಪ್ರೊಫೆಸರ್, ದಡ್ಡ ಶಿಷ್ಯೆಗೆ ತಿಳಿಹೇಳುವವರ ತಾಳ್ಮೆಯಿಂದ. ಮತ್ತೆ ಗಂಟಲು ಸರಿಮಾಡಿಕೊಂಡರು.

ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರೆ. ಈ ಮಹಾಶಯರು ಊರಿಗೂ ಅಲ್ಲ, ಬರೀ ಇಲಿಗೆ ಉಪಕಾರಿ. ಮನೆಯ ಹಿಂದೆಯೇ ಅವರ ಪ್ರಯೋಗಶಾಲೆ. ಅಲ್ಲಿ, ಸದ್ದೇ ಸೋಕದಂತೆ ಮಲಗಿಸುವ ಇಲಿಗಳಿಗೆಂದು ಒಂದು ಕೋಣೆ. ಗೋಡೆಗೆಲ್ಲ ದಪ್ಪ ಸ್ಪಂಜು, ತಳ್ಳುಗಾಡಿಗೆ ರಬ್ಬರ್ ಗಾಲಿ. ಒಳಗೆ ಸೀನಿದ ಸಹಾಯಕನಿಗೆ ಆಮೇಲೆ ಆ ಕಡೆ ತಲೆಹಾಕುವ ಅಪ್ಪಣೆಯೇ ಇರಲಿಲ್ಲ. ಇಲಿಗಳೂ ಅವಳ ಹಾಗೆಯೇ, ಹಗಲು ಮಲಗಿ ರಾತ್ರಿ ಓಡಾಡುವವು. ಕಟ್ಟಿಕೊಂಡ ತಪ್ಪಿಗೆ ತನಗೆ ಹಜಾರದ ಭಾಷಣ, ಅವಕ್ಕೆ ಸ್ಪಂಜಿನ ಅರಮನೆ! ಅವಳಿಗೆ ಮೈಯೆಲ್ಲ ಉರಿಯಿತು. ದಿಂಬು, ಹೊದಿಕೆ, ಗೂಟದಲ್ಲಿದ್ದ ಪ್ರಯೋಗಶಾಲೆಯ ಬೀಗದಕೈ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು.

ಹೊಟ್ಟೆ ಚುರುಗುಟ್ಟಿದ ಮೇಲೆಯೇ ಪ್ರೊಫೆಸರಿಗೆ ಹೆಂಡತಿ ಮನೆಯಲ್ಲಿಲ್ಲವೆಂಬುದು ಹೊಳೆದದ್ದು. ಹುಡುಕುತ್ತ ಬಂದವರು ಇಲಿಗಳ ಕೋಣೆಯ ಮುಂದೆ ರೂಢಿಯಂತೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಒಳಗೆ ಹೋದರು. ಪಂಜರಗಳ ನಡುವೆ ನೆಲದ ಮೇಲೆ ಅವಳು ಕೊರಡಿನ ಹಾಗೆ ಬಿದ್ದಿದ್ದಳು. ಬಗ್ಗಿ ಭುಜ ಅಲುಗಿಸಿದರು.

"ಏಳೇ, ತಲೆ ಕೆಟ್ಟಿದೆಯಾ ನಿನಗೆ?" ಎಂದು ಪಿಸುಗುಟ್ಟಿದರು. "ಸದ್ದು ಮಾಡ್ಬೇಡ, ಅವಕ್ಕೆ ಈಗ ಗಾಢ ನಿದ್ದೆ."

ಮದುವೆಯಾದಂದಿನಿಂದ ಅವರು ಪಿಸುಗುಟ್ಟಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅರೆಗಣ್ಣು ತೆರೆದಳು. "ನಾನು ಏಳಲ್ಲ. ಎಬ್ಬಿಸ್ಬೇಕು ಅಂದ್ರೆ ಮನೇಲಿ ಕೂಗೋ ಹಾಗೆ ಕೂಗಿ," ಎಂದು ಮುಸುಕೆಳೆದುಕೊಂಡಳು.

ಪ್ರೊಫೆಸರ್ ಮುಖ ಕೆಂಪಾಗಿಸಿಕೊಂಡು ಬಾಯಿ ತೆರೆದರು. ಪಂಜರಗಳತ್ತ ನೋಡಿದರು. ತೆರೆದ ಬಾಯನ್ನು ಹಾಗೇ ಮುಚ್ಚಿ, ಬೂಟುಗಳನ್ನು ಎದೆಗವಚಿಕೊಂಡು, ಚಿಲಕ ಕಿಟಕ್ಕೆನ್ನದ ಹಾಗೆ ಬಾಗಿಲೆಳೆದುಕೊಂಡು ಹೋದರು.